ಚಳಿಗೆ ಬೆದರುವ ಪರಂಗಿ ಹೂವು

ಪರಂಗಿ ಗಿಡದಿಂದ ಒಂದು ಹೂವು ಕಿತ್ತು, ದಳಗಳನ್ನು ಉಗುರಿನಲ್ಲಿ ಬಿಡಿಸಿ ನೋಡಿ. ಒಳಗೆ ಉಬ್ಬಿದ ಅಂಡಾಶಯವೊಂದೇ ಇದ್ದರೆ ಅದು ಹೆಣ್ಣು. ನೀಳವಾದ ಅಂಡಾಶಯದ ಸುತ್ತ ಹಳದಿ ಕೇಸರಗಳಿದ್ದರೆ ದ್ವಿಲಿಂಗಿ. ಗಂಡನ್ನು ಬಿಡಿಸಿ ನೋಡಬೇಕಿಲ್ಲ, ಉದ್ದನೆಯ ತೊಟ್ಟಿನಲ್ಲಿ ಗೊಂಚಲಾಗಿ ಜೋತಾಡುತ್ತಿರುತ್ತದೆ. ಉತ್ತರ ಬಿಹಾರದಂಥ ಉಪೋಷ್ಣವಲಯಕ್ಕೆ ತಳಿ ರೂಪಿಸುವವರು ಹಣ್ಣಿನ ಸಿಹಿಗಿಂತ ಮೊದಲು ನೋಡಬೇಕಾದದ್ದು ಈ ಹೂವನ್ನು.

ಅಲ್ಲಿ ಜನವರಿಯ ರಾತ್ರಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಮಧ್ಯ ಅಮೆರಿಕದಿಂದ ಬಂದ ಗಿಡಕ್ಕೆ ಇದು ದೊಡ್ಡ ಪೆಟ್ಟು. ಮೊಗ್ಗು ಮೂಡುವ ಹೊತ್ತಿಗೆ ಚಳಿ ತಗುಲಿದರೆ ದ್ವಿಲಿಂಗಿ ಹೂವಿನ ಕೇಸರಗಳು ಅಂಡಾಶಯಕ್ಕೇ ಕೂಡಿಕೊಂಡು ಬೆಳೆಯುತ್ತವೆ. ಆಮೇಲೆ ಕಾಯಿ ಸೊಟ್ಟಗೆ, ಏಣು ಏಣಾಗಿ ಬರುತ್ತದೆ. ಮಂಡಿಯಲ್ಲಿ ಅದನ್ನು ಕೇಳುವವರಿಲ್ಲ. ಬೇಸಿಗೆಯ ಝಳಕ್ಕೆ ಅದೇ ಗಿಡದ ಹೂಗಳಲ್ಲಿ ಅಂಡಾಶಯ ಮುದುಡಿ, ಕಾಯಿ ಕಚ್ಚುವುದೇ ಇಲ್ಲ. ಹೆಣ್ಣು ಹೂವು ಮಾತ್ರ ಚಳಿಗಾಗಲಿ ಬಿಸಿಲಿಗಾಗಲಿ ಹೀಗೆ ರೂಪ ಬದಲಿಸುವುದಿಲ್ಲ.

ಸಮಸ್ತಿಪುರ ಜಿಲ್ಲೆಯ ಪೂಸಾ ಎಂಬ ಊರಲ್ಲಿ ಇಂಥ ಹವೆಗೆ ತಳಿ ರೂಪಿಸುವ ಕೆಲಸ ನಡೆಯಿತು. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಮೊದಲಿದ್ದದ್ದು ಅಲ್ಲೇ. 1934ರ ಭೂಕಂಪದಲ್ಲಿ ಕಟ್ಟಡ ಹಾಳಾಗಿ 1936ರಲ್ಲಿ ದೆಹಲಿಗೆ ಹೋಯಿತು. ಪೂಸಾದ ಪ್ರಾದೇಶಿಕ ಕೇಂದ್ರ ಎರಡೂ ಬಗೆಯ ತಳಿಗಳನ್ನು ಕೊಟ್ಟಿತು. ಪೂಸಾ ಡೆಲಿಷಿಯಸ್, ಪೂಸಾ ಮೆಜೆಸ್ಟಿಗಳಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳು. ಪೂಸಾ ಜೈಂಟ್, ಪೂಸಾ ಡ್ವಾರ್ಫ್, ಪೂಸಾ ನನ್ಹಾಗಳಲ್ಲಿ ಗಂಡು ಮತ್ತು ಹೆಣ್ಣು.

ನನಗೆ ತುಂಬ ಹಿಡಿಸಿದ್ದು ನನ್ಹಾ. ಹಿಂದಿಯಲ್ಲಿ ನನ್ಹಾ ಎಂದರೆ ಪುಟ್ಟದು. ಬೀಜಕ್ಕೆ ಗಾಮಾ ಕಿರಣ ಹಾಯಿಸಿ, ಹುಟ್ಟಿದ ಸಸಿಗಳಲ್ಲಿ ಆರಿಸಿಕೊಂಡ ಕುಳ್ಳು ಗಿಡ ಇದು. ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲೇ ಕಾಯಿ ಶುರು! ಗಾಳಿಗೆ ಮುರಿಯುವ ಭಯ ಕಡಿಮೆ, ಏಣಿಯ ಗೊಡವೆಯಿಲ್ಲ, 1.25 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 6,400 ಗಿಡ.

ಆದರೆ ಗಂಡು, ಹೆಣ್ಣು ಬೇರೆಬೇರೆ ಗಿಡವಾಗುವ ಇಂಥ ತಳಿಯ ಬೀಜ ಬಿತ್ತಿದರೆ ಹೆಚ್ಚುಕಡಿಮೆ ಅರ್ಧ ಗಿಡ ಗಂಡಾಗುತ್ತವೆ. ಹಾಗಾಗಿ ಗುಣಿಗೆ ಎರಡು ಮೂರು ಸಸಿ ನೆಟ್ಟು, ತಿಂಗಳುಗಟ್ಟಲೆ ನೀರು ಗೊಬ್ಬರ ಕೊಟ್ಟು, ಹೂ ಬಿಟ್ಟ ಮೇಲೆ ಗಂಡನ್ನು ಕಿತ್ತೆಸೆಯಬೇಕು. ಪರಾಗಕ್ಕೆಂದು ಹತ್ತಕ್ಕೊಂದು ಗಂಡನ್ನು ಉಳಿಸಿಕೊಂಡರೆ ಸಾಕು. ದ್ವಿಲಿಂಗಿ ತಳಿ ಆರಿಸಿಕೊಂಡರೆ ಈ ನಷ್ಟವಿಲ್ಲ, ಆದರೆ ಚಳಿಗಾಲದ ಸೊಟ್ಟ ಕಾಯಿ ತಪ್ಪುವುದಿಲ್ಲ. ನಮ್ಮ ಚೆಟ್ಟಳ್ಳಿಯ ಕೂರ್ಗ್ ಹನಿ ಡ್ಯೂ, ಹೆಸರಘಟ್ಟದ ಸೂರ್ಯ ಈ ದ್ವಿಲಿಂಗಿ ಬಗೆಯವೇ.

ಎಲೆಯ ಚೂರಿನ ಡಿಎನ್ಎ ನೋಡಿ ಸಸಿ ಗಂಡೋ ಹೆಣ್ಣೋ ಎಂದು ಹೇಳುವ ಪರೀಕ್ಷೆ ಪ್ರಯೋಗಾಲಯಗಳಲ್ಲಿದೆ. ಅದು ನರ್ಸರಿಗೆ ಇಳಿದು ಬರಬೇಕು. ಆಗ ಗುಣಿಗೆ ಒಂದೇ ಹೆಣ್ಣು ಸಸಿ ನೆಟ್ಟರೆ ಸಾಕಾಗುತ್ತದೆ.