ಮಳೆ ನಿಂತಿದೆ, ಹೊಳೆ ಇನ್ನೂ ಏರುತ್ತಿದೆ

'ಮಳೆ ನಿಂತಿತಲ್ಲ ಸರ್, ಇನ್ನು ಇಳಿಯಬಹುದಾ?' ಮೇ, ಜೂನ್‌ನಲ್ಲಿ ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಮೀನು ಹಿಡಿಯಲು ಬರುವವರು ಬೇರೇನು ಕೇಳದಿದ್ದರೂ ಇದನ್ನು ಕೇಳಿಯೇ ಕೇಳುತ್ತಾರೆ. ಕೇಳುವ ಹೊತ್ತಿಗೆ ಒಂದು ಕಾಲು ಆಗಲೇ ನೀರಲ್ಲಿರುತ್ತದೆ. ಬೆಂಗಳೂರಿಂದ ದೆಹಲಿ, ಅಲ್ಲಿಂದ ರಾತ್ರಿಯಿಡೀ ಬಸ್ಸು, ಔಟ್ ಎಂಬ ಊರಲ್ಲಿ ಇಳಿದು ಬಂಜಾರ್ ದಾಟಿ ಗುಶೈನಿ. ಇಷ್ಟು ದೂರ ಬಂದವರ ಕೈಯಲ್ಲಿ ಉಳಿದಿರುವುದು ಎರಡು ದಿನದ ರಜೆ, ಆತುರ ಸಹಜವೇ. ಆದರೂ ಆಕಾಶ ನೋಡಿ ಹೊಳೆಗೆ ಇಳಿಯುವ ಈ ಅಭ್ಯಾಸ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತೇವಲ್ಲ, ಇಲ್ಲಿ ಬೆಟ್ಟಕ್ಕೆ ಬೆಟ್ಟವೇ ತೊಟ್ಟಿಕ್ಕುತ್ತಿರುತ್ತದೆ. ಗುಶೈನಿ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. ಹೊಳೆ ಹುಟ್ಟುವುದು ಅದಕ್ಕಿಂತ ಬಹಳ ಮೇಲೆ, ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗಿನ ಹಿಮದ ನಾಡಲ್ಲಿ. ನಿಮ್ಮ ತಲೆಯ ಮೇಲೆ ಬಿಸಿಲು ಬಿದ್ದಿರುವಾಗ ಅಲ್ಲಿ ಇನ್ನೂ ಸುರಿಯುತ್ತಿರಬಹುದು. ಸುರಿದ ನೀರು ನೂರಾರು ಕೊರಕಲು ಇಳಿದು ನಿಮ್ಮನ್ನು ಮುಟ್ಟಲು ಒಂದೆರಡು ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಹಾಗಾಗಿ ಮಳೆ ನಿಂತ ಮೊದಲ ಒಂದೆರಡು ಗಂಟೆ ಹೊಳೆ ಇಳಿಯುತ್ತಿರುವುದಿಲ್ಲ, ಏರುತ್ತಿರುತ್ತದೆ. ಏರುವುದು ಬೇಗ, ಇಳಿಯುವುದು ನಿಧಾನ. ಒಂದು ಗಂಟೆಯಲ್ಲಿ ಏರಿದ್ದು ಇಳಿಯಲು ಒಂದು ದಿನವೇ ಬೇಕಾಗಬಹುದು.

ಏರುವ ನೀರಲ್ಲಿ ಗಾಳ ಬಿಟ್ಟು ಪ್ರಯೋಜನವಿಲ್ಲ. ತರಗೆಲೆ, ಕಡ್ಡಿ, ಮರಳು ಎಲ್ಲ ಒಟ್ಟಿಗೆ ಬರುತ್ತವೆ, ಪ್ರತಿ ಸಲ ಎಸೆದಾಗಲೂ ಎಲೆಯೇ ಸಿಕ್ಕುತ್ತದೆ. ಮೀನು ತಳಕ್ಕೆ ಅಂಟಿಕೊಂಡು ಸೆಳವು ತಡೆಯುವುದರಲ್ಲೇ ಇರುತ್ತದೆ. ಇಳಿಯುವ ನೀರಿನ ಮಾತೇ ಬೇರೆ. ದಂಡೆಯಿಂದ ಕೊಚ್ಚಿಬಂದ ಎರೆಹುಳು, ಇರುವೆ, ಜೀರುಂಡೆ, ಕಲ್ಲಡಿಯಿಂದ ಕಿತ್ತುಬಂದ ಮರಿಹುಳುಗಳು ನೀರಿನ ತುಂಬ ಇರುತ್ತವೆ. ತುಸು ಬಣ್ಣವಿರುವುದರಿಂದ ಮೀನಿಗೆ ನೀವು ಕಾಣುವುದಿಲ್ಲ, ಹತ್ತಿರಕ್ಕೆ ಹೋಗಬಹುದು. ಬೇಸಿಗೆ ಮಳೆಯಾದ ಮರುದಿನ ಬೆಳಗ್ಗೆಗಾಗಿ ಇಲ್ಲಿಯವರು ಕಾಯುವುದು ಇದಕ್ಕೇ.

ಏರುತ್ತಿದೆಯೋ ಇಳಿಯುತ್ತಿದೆಯೋ ಕಣ್ಣಳತೆಯಲ್ಲಿ ತಿಳಿಯುವುದಿಲ್ಲ. 'ನೋಡಿದರೆ ಗೊತ್ತಾಗುತ್ತೆ ಬಿಡಿ' ಎನ್ನುವವರು ಹೆಚ್ಚಾಗಿ ತಪ್ಪೇ ಹೇಳುತ್ತಾರೆ. ಚಪ್ಪಟೆ ಕಲ್ಲೊಂದನ್ನು ಸರಿಯಾಗಿ ನೀರಿನ ಅಂಚಿಗೆ ಇಡಿ, ಅಲೆ ಹೊಡೆಯದ ಜಾಗದಲ್ಲಿ. ಹದಿನೈದು ನಿಮಿಷಕ್ಕೊಮ್ಮೆ ನೋಡಿ. ಕಲ್ಲು ಮುಳುಗಿದರೆ ಮೇಲೆ ಬಂದು ಚಹಾ ಕುಡಿಯಿರಿ. ಸತತ ಮೂರು ಸಲ ಕಲ್ಲಿಗೂ ನೀರಿಗೂ ನಡುವೆ ಒದ್ದೆ ಮರಳು ಅಗಲವಾಗುತ್ತ ಹೋದರೆ ಆಗ ಗಾಳದ ಕೋಲು ಜೋಡಿಸಿ. ಒಂದು ಸಲದ ನೋಟ ಸಾಲದು: ಮೇಲಿನ ಬೇರೊಂದು ಹಳ್ಳದ ನೀರು ತಡವಾಗಿ ಬಂದು ಮತ್ತೆ ಏರುವುದುಂಟು.

ಇನ್ನು ಬಣ್ಣ. ಚಹಾದ ಡಿಕಾಕ್ಷನ್ ಬಣ್ಣವಾದರೆ ಒಳ್ಳೆಯದು, ಹಾಲು ಬೆರೆಸಿದ ಚಹಾದಂತಿದ್ದರೆ ಕಾಯಬೇಕು. ಮೊಣಕಾಲುದ್ದ ನೀರಲ್ಲಿ ಬೂಟಿನ ತುದಿ ಮಸುಕಾಗಿಯಾದರೂ ಕಂಡರೆ ಕೆಲಸ ನಡೆಯುತ್ತದೆ. ಗೇಣುದ್ದವೂ ಕಾಣದಿದ್ದರೆ ನೆಲಕ್ಕೆ ಗಾಳ ಹಾಕಿದಂತೆಯೇ. ಮಣ್ಣಿನ ಕೆಂಪಿಗೂ ಹಿಮ ಕರಗಿದ ಬೂದುಬಿಳುಪಿಗೂ ವ್ಯತ್ಯಾಸ ಇದೆ ಎಂಬುದು ನೆನಪಿರಲಿ. ಬಿಸಿಲಿದ್ದ ದಿನ ಹಿಮ ಕರಗಿ ಸಂಜೆಗೆ ನೀರು ಏರುತ್ತದೆ, ಬೆಳಗ್ಗೆಗೆ ತಗ್ಗುತ್ತದೆ. ಇಡೀ ದಿನ ಮೋಡ ಮುಚ್ಚಿ ಜಿನುಗುತ್ತಿದ್ದರೆ ಹಿಮ ಕರಗುವುದು ಕಡಿಮೆಯಾಗಿ ಸಂಜೆಯ ಏರು ಸಣ್ಣದಾಗುವುದೂ ಉಂಟು. ಮಳೆ ಬಂತೆಂದು ರೂಮಿನಲ್ಲಿ ಮಲಗಿದವರು ಕಳೆದುಕೊಳ್ಳುವುದು ಇಂಥ ಸಂಜೆಯನ್ನೇ.

ಗುಶೈನಿಯಲ್ಲಿ ಫಲಾಚನ್ ಹಳ್ಳ ತೀರ್ಥನ್‌ಗೆ ಸೇರುತ್ತದೆ. ಒಂದು ಕಣಿವೆಯಲ್ಲಿ ಮಳೆಯಾಗಿ ಇನ್ನೊಂದರಲ್ಲಿ ಆಗದಿದ್ದರೆ ಕೆಂಪು ನೀರು, ತಿಳಿ ನೀರು ಬೆರೆಯದೆ ಒಂದಷ್ಟು ದೂರ ಪಕ್ಕಪಕ್ಕದಲ್ಲೇ ಹರಿಯುತ್ತವೆ. ತಿಳಿಯ ಅಂಚಿನಲ್ಲಿ, ಕೆಂಪಿಗೆ ಒಂದು ಅಡಿ ಈಚೆ, ಫ್ಲೈ (ಗಾಳಕ್ಕೆ ಗರಿ, ನೂಲು ಕಟ್ಟಿ ಮಾಡಿದ ನಕಲಿ ಹುಳು) ಬಿಟ್ಟು ನೋಡಿ.

ಸರಂಜಾಮಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ತಿಳಿ ನೀರಿಗೆಂದು ತಂದ ಒಂಬತ್ತು ಅಡಿ ಲೀಡರ್ (ದಪ್ಪ ದಾರಕ್ಕೂ ಫ್ಲೈಗೂ ನಡುವಿನ ಸಪೂರ ಎಳೆ) ಅನ್ನು ಆರೇಳು ಅಡಿಗೆ ಇಳಿಸಿ. ತುದಿಯ ಎಳೆ 5ಎಕ್ಸ್ (0.15 ಮಿ.ಮೀ. ದಪ್ಪ) ಬದಲು 3ಎಕ್ಸ್ (0.20 ಮಿ.ಮೀ.) ಇರಲಿ. ಬಗ್ಗಡ ನೀರಲ್ಲಿ ಮೀನಿಗೆ ಎಳೆ ಕಾಣದು, ಸೆಳವಿನಲ್ಲಿ ತುಂಡಾಗುವ ಭಯವೇ ಹೆಚ್ಚು. 16ರ ಸಣ್ಣ ಫ್ಲೈ ಪೆಟ್ಟಿಗೆಯಲ್ಲೇ ಇರಲಿ. 8 ಅಥವಾ 10ರ (ಸಂಖ್ಯೆ ಇಳಿದಷ್ಟೂ ಗಾಳ ದೊಡ್ಡದು) ಕಪ್ಪು ವೂಲಿ ಬಗ್ಗರ್ ಎಂಬ ಪೊದೆಗೂದಲಿನ ಫ್ಲೈ, ಟಂಗ್‌ಸ್ಟನ್ ಮಣಿ ಕಟ್ಟಿದ ದಪ್ಪ ಸ್ಟೋನ್‌ಫ್ಲೈ ನಿಂಫ್ (ಕಲ್ಲಡಿಯ ಮರಿಹುಳುವಿನ ನಕಲು) ಸಾಕು. ಕಪ್ಪೇಕೆ ಎಂದರೆ ಮಬ್ಬು ನೀರಲ್ಲಿ ಕೆಳಗಿನಿಂದ ನೋಡುವ ಮೀನಿಗೆ ಆಕಾರ ಎದ್ದು ಕಾಣುವುದು ಕಪ್ಪಿನಲ್ಲೇ. ಜೊತೆಗೆ ಮೈಯ ಎರಡೂ ಬದಿಯಲ್ಲಿ ಉದ್ದಕ್ಕಿರುವ ಪಕ್ಕೆಯ ಗೆರೆಯ ಮೂಲಕ ಟ್ರೌಟ್ ನೀರಿನ ಕಂಪನ ಗ್ರಹಿಸುತ್ತದೆ, ದಪ್ಪ ಫ್ಲೈ ನೀರನ್ನು ಹೆಚ್ಚು ಅಲುಗಿಸುತ್ತದೆ. ಫ್ಲೈ ತಳ ಮುಟ್ಟುತ್ತಿಲ್ಲವೆಂದರೆ ಫ್ಲೈ ಬದಲಿಸುವ ಮೊದಲು ಭಾರ ಹೆಚ್ಚಿಸಿ.

ಮೀನು ಎಲ್ಲಿರುತ್ತದೆ? ನೀವು ನಿಂತಿರುವಲ್ಲಿ! ನೀರು ಜೋರಾದಾಗ ಟ್ರೌಟ್ ನಡುಹೊಳೆ ಬಿಟ್ಟು ದಂಡೆಯ ಮಗ್ಗುಲಿಗೆ, ಬಂಡೆಯ ಹಿಂದಿನ ಸೆಳವಿಲ್ಲದ ಸುಳಿಗೆ, ತಿರುವಿನ ಒಳಬದಿಗೆ ಬರುತ್ತದೆ. ದಂಡೆಯಿಂದ ಒಂದು ಮೀಟರ್ ಒಳಗೇ, ಮೊಣಕಾಲುದ್ದ ನೀರಲ್ಲಿ ಇರುತ್ತದೆ. ಅದನ್ನು ತುಳಿದುಕೊಂಡು ನಡುಹೊಳೆಗೆ ಹೋಗಿ ಆಚೆ ದಂಡೆಗೆ ಎಸೆಯುವ ಉತ್ಸಾಹಿಗಳಿಗೆ ಏನು ಹೇಳುವುದು? ಮೊದಲ ಹತ್ತು ಎಸೆತ ಒಣ ನೆಲದ ಮೇಲೆ ನಿಂತೇ ಆಗಲಿ. ಭೀಮೇಶ್ವರಿ ಕಡೆ ರಾಗಿ ಮುದ್ದೆ ಕಟ್ಟಿ ಮಹಶೀರ್ ಮೀನು ಎಳೆದ ಹಳಬರಿಗೆ ಇದು ಕಷ್ಟ. ಕಾವೇರಿಯಂಥ ದೊಡ್ಡ ಹೊಳೆಯಲ್ಲಿ ದೂರಕ್ಕೆ ಎಸೆದ ಕೈ ಇಲ್ಲಿ ಹದಿನೈದು ಅಡಿಗೆ ಒಗ್ಗಿಕೊಳ್ಳಬೇಕು.

ಮೊಣಕಾಲು ದಾಟಿದ ನೀರು ಬೇಡ, ಊರುಗೋಲು ಇರಲಿ, ನೀರಿಗಿಳಿಯುವ ಉಡುಪಿನ ಸೊಂಟದ ಪಟ್ಟಿ ಬಿಗಿಯಾಗಿರಲಿ. ನೀರಲ್ಲಿ ಇದ್ದಕ್ಕಿದ್ದಂತೆ ಕಡ್ಡಿ, ಎಲೆ ಹೆಚ್ಚಾದರೆ, ಹಸಿಮಣ್ಣಿನ ವಾಸನೆ ಬಂದರೆ, ತಳದಲ್ಲಿ ಕಲ್ಲುರುಳುವ ಗುಡುಗುಡು ಕೇಳಿದರೆ ಗಾಳ ಸುತ್ತುತ್ತ ನಿಲ್ಲಬೇಡಿ. ಮಳೆಯ ನಡುವೆ ನೀರು ಏಕಾಏಕಿ ಕಡಿಮೆಯಾದರೆ ಇನ್ನೂ ಕೆಟ್ಟದ್ದು: ಮೇಲೆ ಎಲ್ಲೋ ಮರ, ಮಣ್ಣು ಅಡ್ಡಬಿದ್ದು ನೀರು ಕಟ್ಟಿಕೊಂಡಿರಬಹುದು, ಒಡೆದರೆ ಒಟ್ಟಿಗೇ ಬರುತ್ತದೆ. ತೀರ್ಥನ್ ಹೋಗಿ ಸೇರುವ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟಿನಿಂದ ಕೆಳಗೆ, ನನ್ನ ಕಲ್ಲಿನ ಲೆಕ್ಕವನ್ನೂ ನಂಬಬೇಡಿ. 2014ರ ಜೂನ್ 8ರಂದು ಅಲ್ಲಿ ಹೈದರಾಬಾದಿನ 24 ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋದದ್ದು ಮಳೆಯ ನೀರಲ್ಲ, ಅಣೆಕಟ್ಟಿನಿಂದ ಬಿಟ್ಟ ನೀರು.

ನೀರು ಇಳಿಯುವವರೆಗೆ ಕೈ ಸುಮ್ಮನಿರದವರು ಗಾಳಗಳ ತುದಿಯನ್ನು ಉಗುರಿನ ಮೇಲೆ ಎಳೆದು ನೋಡಬಹುದು. ಕಚ್ಚಿ ನಿಂತರೆ ಸರಿ, ಜಾರಿದರೆ ಮೊಂಡಾಗಿದೆ, ಸಣ್ಣ ಅರದಿಂದ ಎರಡು ಸಲ ಉಜ್ಜಿ. ಬಗ್ಗಡ ನೀರಲ್ಲಿ ಮೀನು ಕಚ್ಚಿದ್ದು ಕೈಗೆ ತಿಳಿಯುವುದೇ ಕಷ್ಟ, ಹರಿಯುತ್ತಿದ್ದ ಎಳೆ ಗಳಿಗೆ ಹೊತ್ತು ನಿಂತಂತೆ ಕಾಣುತ್ತದೆ, ಅಷ್ಟೇ. ಆ ಗಳಿಗೆಗೆ ಮೊಂಡು ಗಾಳ ಸಾಲದು.