ಪೂಜಾವಿಧಿಯಲ್ಲಿ ಗಂಡು-ಹೆಣ್ಣಿನ ಮಾತು: ಯಾವುದು ಬದಲಾಗಿದೆ, ಯಾವುದು ಇಲ್ಲ

ಬಳ್ಳಾರಿ, ರಾಯಚೂರು, ಕೊಪ್ಪಳದ ಚರ್ಚುಗಳಲ್ಲಿ ಉಪದೇಶಿಗಳಾಗಲು, ಸಂಡೇ ಸ್ಕೂಲ್ ನಡೆಸಲು ತಯಾರಾಗುತ್ತಿರುವವರಿಗಾಗಿ ಈ ಟಿಪ್ಪಣಿ. ಲಿಂಗತಟಸ್ಥ ಭಾಷೆ ಎಂದ ಕೂಡಲೇ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ಅದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ: ವಿಧಿಯಲ್ಲಿ ಯಾರಿಗೆ ಜಾಗ, ಸಭೆಯನ್ನು ಹೇಗೆ ಕರೆಯುವುದು, ದೇವರನ್ನು ಏನೆಂದು ಕರೆಯುವುದು. ಮೊದಲನೆಯದು ನಮ್ಮ ಕಣ್ಣೆದುರೇ ಬದಲಾಗುತ್ತಿದೆ. ಮೂರನೆಯದು ಜಗ್ಗಿಲ್ಲ.

ಮೊದಲನೆಯದಕ್ಕೆ ಕಥೋಲಿಕರ ಪವಿತ್ರ ಗುರುವಾರದ (ಶುಭ ಶುಕ್ರವಾರದ ಹಿಂದಿನ ದಿನ) ಪಾದ ತೊಳೆಯುವ ವಿಧಿಯೇ ಒಳ್ಳೆಯ ಉದಾಹರಣೆ. ಕಡೆಯ ಭೋಜನದಲ್ಲಿ ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ಗುರುಗಳು ಸಭೆಯಲ್ಲಿ ಕೆಲವರ ಪಾದ ತೊಳೆಯುತ್ತಾರೆ. 1955ರಲ್ಲಿ ಪೋಪ್ 12ನೇ ಪಯಸ್ ಪವಿತ್ರ ವಾರದ ವಿಧಿಗಳನ್ನು ತಿದ್ದಿದಾಗ ಇದು ಸಂಜೆಯ ಪೂಜೆಯೊಳಗೆ ಬಂತು. ಪೂಜಾಗ್ರಂಥದ ಸೂಚನೆಯಲ್ಲಿದ್ದ ಲ್ಯಾಟಿನ್ ಪದ 'ವಿರಿ', ಗಂಡಸರು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ ಹುಡುಗಿಯರ ಪಾದವನ್ನೂ ತೊಳೆದರು. ಸೂಚನೆ ತಿದ್ದುಪಡಿಯಾದದ್ದು 2016ರ ಜನವರಿಯಲ್ಲಿ: ಈಗ ದೇವಪ್ರಜೆಗಳಲ್ಲಿ ಯಾರನ್ನಾದರೂ ಆರಿಸಬಹುದು. ಆಚರಣೆ ಮುಂದೆ ಹೋಗಿ ಬರಹ ಹಿಂದಿನಿಂದ ಬಂದ ಈ ಕ್ರಮವನ್ನು ನೆನಪಿಡಿ. 'ಆರಿಸಬಹುದು' ಎಂಬುದನ್ನೂ ನೆನಪಿಡಿ, ಕಡ್ಡಾಯವೇನಿಲ್ಲ. ಹನ್ನೆರಡೇ ಜನ ಬೇಕೆಂದು ಪೂಜಾಗ್ರಂಥ ಹೇಳುವುದಿಲ್ಲ, ಅದು ರೂಢಿ.

ನಮ್ಮ ಸೀಮೆಯಲ್ಲಿ ಇದರ ಭಾರ ರೋಮಿಗಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಮದುವೆಯಲ್ಲಿ ಹೆಣ್ಣಿನ ಕಡೆಯವರು ಅಳಿಯನ ಕಾಲು ತೊಳೆಯುತ್ತಾರೆ, ಚಿಕ್ಕವರು ಹಿರಿಯರ ಕಾಲಿಗೆ ಬೀಳುತ್ತಾರೆ. ಪೂಜೆ ಮಾಡುವ ಗುರುಗಳೇ ಬಗ್ಗಿ, ಹೊಲದಿಂದ ಬಂದ ಹೆಂಗಸಿನ ಪಾದಕ್ಕೆ ನೀರು ಹಾಕಿದರೆ ಆ ಲೆಕ್ಕವೇ ತಲೆಕೆಳಗಾಗುತ್ತದೆ. 'ಫಾದರ್ ಕೈಲಿ ಕಾಲು ಮುಟ್ಟಿಸ್ಕೊಳ್ಳೋದಾ?' ಎಂದು ಹೆಂಗಸರೇ ಹಿಂಜರಿದರೆ ಆಶ್ಚರ್ಯಪಡಬೇಡಿ. ತನ್ನ ಪಾದ ತೊಳೆಯಲು ಬಂದ ಯೇಸುವನ್ನು ತಡೆದ ಶಿಷ್ಯ ಪೇತ್ರನೂ ಹೇಳಿದ್ದು ಅದನ್ನೇ. ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯವನ್ನು ಇಲ್ಲಿಂದ ಪಾಠ ಮಾಡಬಹುದು.

ಉಳಿದದ್ದು ಚುಟುಕಾಗಿ. ಹುಡುಗಿಯರು ಪೀಠಸೇವೆ ಮಾಡಲು, ಅಂದರೆ ಪೂಜೆಯಲ್ಲಿ ಗುರುಗಳಿಗೆ ನೆರವಾಗಲು, ರೋಮ್ (ಕಥೋಲಿಕರ ಕೇಂದ್ರ ಆಡಳಿತ) ಒಪ್ಪಿದ್ದು 1994ರಲ್ಲಿ. ಹೆಂಗಸರು ವಾಚಕಿಯಾಗಿ (ಪೂಜೆಯಲ್ಲಿ ಬೈಬಲ್ ಓದುವವರಾಗಿ), ಪೀಠಸೇವಕಿಯಾಗಿ ವಿಧಿವತ್ತಾಗಿ ನೇಮಕವಾಗಲು ದಾರಿ ತೆರೆದದ್ದು 2021ರಲ್ಲಿ. ಕಥೋಲಿಕ ಗುರುದೀಕ್ಷೆ ಮಾತ್ರ ಗಂಡಸರಿಗೇ. ಪ್ರೊಟೆಸ್ಟಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ದಾರಿ ಬೇರೆ: ಬಳ್ಳಾರಿಗೆ ಪೂರ್ವದಲ್ಲಿರುವ ಆಂಧ್ರದ ನಂದ್ಯಾಲ ಸಭಾಪ್ರಾಂತಕ್ಕೆ 2013ರಲ್ಲಿ ಇ. ಪುಷ್ಪಲಲಿತಾ ಬಿಷಪ್ ಆದರು, ಆ ಸಭೆಯ ಮೊದಲ ಮಹಿಳಾ ಬಿಷಪ್. ಇಲ್ಲೊಂದು ತಮಾಷೆಯ ತೊಡಕಿದೆ. ಅಯ್ಯನವರು ಎಂದರೆ ಪಾಸ್ಟರ್, ಅಮ್ಮನವರು ಎಂದರೆ ಅವರ ಮಡದಿ. ದೀಕ್ಷೆ ಪಡೆದ ಹೆಣ್ಣುಮಗಳನ್ನು ಅಮ್ಮನವರೆಂದರೆ ಕೇಳಿದವರು ಅವರ ಯಜಮಾನರನ್ನು ಹುಡುಕುತ್ತಾರೆ!

ಎರಡನೆಯ ಪ್ರಶ್ನೆಯಲ್ಲಿ ಇಂಗ್ಲಿಷಿನವರ ಜಗಳವನ್ನು ನಾವು ಹಾಗೇ ಎತ್ತಿಕೊಂಡು ಬರಬೇಕಿಲ್ಲ. ವಿಶ್ವಾಸ ಪ್ರಮಾಣದ ಲ್ಯಾಟಿನ್ ಪಠ್ಯದಲ್ಲಿರುವುದು 'ಹೋಮಿನೆಸ್', ಮನುಷ್ಯರು. ಇಂಗ್ಲಿಷ್ ಅದನ್ನು 'ಮೆನ್' ಮಾಡಿತು, ಅದಕ್ಕೆ ಗಂಡಸರು ಎಂಬ ಅರ್ಥವೂ ಇರುವುದರಿಂದ ಗದ್ದಲವೆದ್ದಿತು. ಕನ್ನಡದಲ್ಲಿ ಮಾನವರು ಎಂದಾಗ ಯಾರೂ ಹೊರಗುಳಿಯುವುದಿಲ್ಲ, 'ಅವರು ಬಂದರು' ಎಂದರೆ ಹೆಣ್ಣೋ ಗಂಡೋ ತಿಳಿಯುವುದೂ ಇಲ್ಲ. 2021ರ ಜನವರಿಯಲ್ಲಿ ಅಮೆರಿಕದ ಸಂಸತ್ತಿನಲ್ಲಿ ಪ್ರಾರ್ಥಿಸಿದ ಸದಸ್ಯರೊಬ್ಬರು 'ಆಮೆನ್' ಜೊತೆಗೆ 'ಆವುಮನ್' ಎಂದೂ ಸೇರಿಸಿದ್ದರು. ಆಮೆನ್ ಹೀಬ್ರೂ ಪದ, 'ಹಾಗೆಯೇ ಆಗಲಿ' ಎಂದರ್ಥ, ಅದರಲ್ಲಿ ಗಂಡಸೂ ಇಲ್ಲ ಹೆಂಗಸೂ ಇಲ್ಲ. ನಮ್ಮ ತೊಡಕು 'ಸಹೋದರರೇ' ಎಂಬ ಕರೆಯಲ್ಲಿದೆ. ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಕೂತ ಸಭೆಗೆ ಹಾಗೆ ಕರೆಯುವುದು ಕಿವಿಗೆ ಒರಟು. ಪೌಲನ ಪತ್ರಗಳಲ್ಲಿನ ಗ್ರೀಕ್ 'ಅದೆಲ್ಫೊಯ್' ಅಕ್ಕತಂಗಿಯರನ್ನೂ ಒಳಗೊಳ್ಳಬಲ್ಲದು, ಹಾಗಾಗಿ 'ಸಹೋದರ ಸಹೋದರಿಯರೇ' ಎಂದರೆ ಮೂಲಕ್ಕೆ ದ್ರೋಹವಾಗದು.

ಮೂರನೆಯದು ಬಿಗಿ. ಜ್ಞಾನಸ್ನಾನದಲ್ಲಿ (ಬ್ಯಾಪ್ಟಿಸಮ್) ಪಿತ, ಸುತ, ಪವಿತ್ರಾತ್ಮರ ಬದಲು 'ಸೃಷ್ಟಿಕರ್ತ, ವಿಮೋಚಕ, ಪಾವನಗೊಳಿಸುವಾತ' ಎಂದರೆ ಸಂಸ್ಕಾರವೇ ಆಗಿಲ್ಲ ಎಂದು 2008ರಲ್ಲಿ ರೋಮ್ ತೀರ್ಪು ಕೊಟ್ಟಿತು. ಕೆಲಸವನ್ನು ಹೇಳುವ ಪದಗಳು ತ್ರಿತ್ವದ, ಅಂದರೆ ಒಬ್ಬನೇ ದೇವರಲ್ಲಿರುವ ಈ ಮೂವರ, ಒಳಸಂಬಂಧವನ್ನು ಹೇಳುವುದಿಲ್ಲ ಎಂಬುದು ಅದರ ಹಿಂದಿನ ವಾದ. ಆದರೆ ವ್ಯಾಕರಣದ ಲಿಂಗವನ್ನು ದೇವರ ಲಿಂಗವೆಂದು ತಿಳಿಯಬೇಡಿ: ಆತ್ಮವೆಂಬ ಪದ ಹೀಬ್ರೂವಿನಲ್ಲಿ ಸ್ತ್ರೀಲಿಂಗ, ಗ್ರೀಕಿನಲ್ಲಿ ನಪುಂಸಕ, ಲ್ಯಾಟಿನ್ನಿನಲ್ಲಿ ಪುಲ್ಲಿಂಗ.

ಮದುವೆ ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದದು. ಕಥೋಲಿಕ ವಿಧಿಯಲ್ಲಿ ವರ, ವಧು ಹೇಳುವ ಸಮ್ಮತಿಯ ಮಾತು ಒಂದೇ, ತೂಕವೂ ಒಂದೇ. ಆಮೇಲೆ ತಾಳಿ ಕಟ್ಟುವವನು ಅವನೊಬ್ಬನೇ. ಪಠ್ಯ ಸಮವಾಗಿದೆ, ಕೈ ಸಮವಾಗಿಲ್ಲ. ಪಠ್ಯವನ್ನಷ್ಟೇ ಓದಿ ತೀರ್ಮಾನಕ್ಕೆ ಬರುವವರಿಗೆ ಇದು ಕಾಣುವುದಿಲ್ಲ.

ನಾವೇನು ತಿದ್ದಬಹುದು? ಪೂಜಾಗ್ರಂಥದ ಮಾತುಗಳನ್ನಲ್ಲ. ಅನುವಾದದ ಹೊಣೆ ಬಿಷಪ್ ಮಂಡಳಿಯದು, ಒಪ್ಪಿಗೆ ರೋಮಿನದು. ಪೂಜೆಯಲ್ಲಿ ಸಭೆ ಸಲ್ಲಿಸುವ ವಿಶ್ವಾಸಿಗಳ ಪ್ರಾರ್ಥನೆಯ ಬಿನ್ನಹಗಳನ್ನು ಮಾತ್ರ ಸಾಮಾನ್ಯವಾಗಿ ನಾವೇ ಬರೆಯುತ್ತೇವೆ. 'ನಮ್ಮ ರೈತ ಸಹೋದರರಿಗಾಗಿ' ಎಂದು ಬರೆಯುವ ಮೊದಲು ಸಿಂಧನೂರು, ಗಂಗಾವತಿಯ ಗದ್ದೆಗಳಲ್ಲಿ ನಾಟಿ ಹಚ್ಚುವವರು ಯಾರೆಂದು ನೋಡಿ ಬರೆಯಿರಿ.