ಗಲ್ಫ್‌ಗೆ ಹೊರಟ ಟೀಚರ್, ‘ಫ್ರೀ ಅಕಾಮಡೇಷನ್’ನಲ್ಲಿ ಮಗುವಿಗೆ ಜಾಗ ಇದೆಯಾ?

ಯುಎಇಯ ಭಾರತೀಯ ಶಾಲೆಗಳಲ್ಲಿ ಹೊಸ ತರಗತಿ ಶುರುವಾಗುವುದು ಏಪ್ರಿಲ್‌ನಲ್ಲಿ. ಹಾಗಾಗಿ ಜನವರಿ ಬಂತೆಂದರೆ ಮಂಗಳೂರು, ಉಡುಪಿ, ಕುಂದಾಪುರ ಕಡೆಯಿಂದ ನನಗೆ ಫೋನ್ ಬರುತ್ತಲೇ ಇರುತ್ತದೆ. 16 ವರ್ಷ ಶಾರ್ಜಾ, ದುಬೈಯಲ್ಲಿ ಪಾಠ ಮಾಡಿ ಊರಿಗೆ ಬಂದವಳು ನಾನು. ಈಗ ಹೊರಡುವವರ ಆಫರ್ ಲೆಟರ್ ಓದಿ ಅರ್ಥ ಹೇಳುತ್ತೇನೆ. ಸಂಬಳ ಎಷ್ಟು, ಟಿಕೆಟ್ ಯಾರು ಕೊಡುತ್ತಾರೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ಉಳಿಯುವ ಜಾಗದ ಬಗ್ಗೆ ಕೇಳಿದರೆ ಮಾತ್ರ ಒಂದೇ ಉತ್ತರ: “ಅದು ಫ್ರೀ, ಟೀಚರ್. ಸ್ಕೂಲಿನವರೇ ಕೊಡ್ತಾರೆ.”

ಏನು ಕೊಡುತ್ತಾರೆ ಅಂತ ಕೇಳಿದರೆ ಆ ಕಡೆ ಮಾತಿಲ್ಲ. ವರ್ಷ ವರ್ಷವೂ ಇದೇ ಕಥೆ. ಅದಕ್ಕೇ ಇವತ್ತು ಈ ಒಂದೇ ವಿಷಯ ಬರೆಯುತ್ತೇನೆ. ಸರ್ಟಿಫಿಕೇಟ್ ಅಟೆಸ್ಟೇಷನ್, ಮೆಡಿಕಲ್ ಎಲ್ಲ ನಿಮಗೆ ಗೊತ್ತೇ ಇದೆ.

ಎರಡು ವರ್ಷದ ಹಿಂದೆ ಕುಂದಾಪುರ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಗಣಿತದ ಟೀಚರ್. ಮೂರು ವರ್ಷದ ಮಗ. ಅವಳ ಕೈಯಲ್ಲಿ ಸಾಮಾನಿನ ಪಟ್ಟಿ ಇತ್ತು. ಐದು ಲೀಟರಿನ ಕುಕ್ಕರ್, ದೋಸೆ ಕಾವಲಿ, ಮಗುವಿನ ಸ್ಟೀಲ್ ತಟ್ಟೆ, ಗಂಡನ ಎರಡು ಲುಂಗಿ. ಆಫರ್ ಲೆಟರ್ ತೆಗೆಸಿ ಓದಿದೆ. ಮನೆ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ಸಾಲು, ‘ಶೇರ್ಡ್ ಬ್ಯಾಚುಲರ್ ಅಕಾಮಡೇಷನ್’. ಬ್ಯಾಚುಲರ್ ಅನ್ನುವುದು ಗಂಡಸರಿಗೆ ಸಂಬಂಧಪಟ್ಟದ್ದು, ತನಗಲ್ಲ ಅಂತ ಅವಳು ಆ ಸಾಲನ್ನೇ ಬಿಟ್ಟಿದ್ದಳು. ಗಲ್ಫ್‌ನಲ್ಲಿ ಆ ಪದದ ಅರ್ಥ ಬೇರೆ. ಕುಟುಂಬ ಜೊತೆಗಿಲ್ಲದೆ ಇರುವವರೆಲ್ಲ ಅಲ್ಲಿ ಬ್ಯಾಚುಲರ್. ಹೆಂಗಸಾದರೂ ಸರಿ, ಊರಿನಲ್ಲಿ ಮೂವರು ಮಕ್ಕಳಿದ್ದರೂ ಸರಿ. ಅವಳಿಗೆ ಸಿಗುವುದು ಒಂದು ಫ್ಲ್ಯಾಟಿನ ಒಂದು ರೂಮಿನಲ್ಲಿ ಒಂದು ಮಂಚ, ಒಂದು ಕಪಾಟು. ರೂಮಿಗೆ ಇಬ್ಬರೋ ಮೂವರೋ ಇರುತ್ತಾರೆ. ಇದನ್ನು ಹೇಳಿದಾಗ ಅವಳು ಪಟ್ಟಿಯನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು. “ಮಗ ಎಲ್ಲಿ ಮಲಗೋದು, ಟೀಚರ್?” ಅಂದಳು. ನನಗೆ ಹೊಟ್ಟೆ ಚುರುಕ್ ಅಂದಿತು.

ಆ ಮಂಚದ ಮೇಲೆ ಮಗ ಮಲಗುವ ಹಾಗಿಲ್ಲ. ಗಂಡ ವಿಸಿಟ್ ವೀಸಾದಲ್ಲಿ ಬಂದರೂ ಒಂದು ರಾತ್ರಿ ಅಲ್ಲಿ ಉಳಿಯುವ ಹಾಗಿಲ್ಲ. ಹೆಚ್ಚಿನ ಕಡೆ ಗಂಡಸರನ್ನು ಗೇಟಿನಿಂದ ಒಳಗೇ ಬಿಡುವುದಿಲ್ಲ. ಇದು ಶಾಲೆಯ ಕೆಟ್ಟತನ ಅಲ್ಲ. ಬೇರೆ ಐದಾರು ಹೆಣ್ಣುಮಕ್ಕಳು ಇರುವ ಮನೆ ಅದು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಯುಎಇಯಲ್ಲಿ ಕೆಲಸದಲ್ಲಿರುವವರು ಕುಟುಂಬವನ್ನು ಕರೆಸಿಕೊಳ್ಳಲು ಸಂಬಳದ ಒಂದು ಮಿತಿ ಇದೆ. ತಿಂಗಳಿಗೆ 4,000 ದಿರ್ಹಮ್ ಇರಬೇಕು, ಇಲ್ಲವೇ 3,000 ದಿರ್ಹಮ್ ಮತ್ತು ವಸತಿ ಇರಬೇಕು. ನಮ್ಮವರು ಇದನ್ನು ಎಲ್ಲೋ ಓದಿರುತ್ತಾರೆ. ‘ನನಗೆ 3,200 ಸಂಬಳ, ವಸತಿ ಫ್ರೀ, ಅಂದರೆ ಫ್ಯಾಮಿಲಿ ವೀಸಾ ಆಗುತ್ತೆ’ ಅಂತ ಲೆಕ್ಕ ಹಾಕುತ್ತಾರೆ. ಗಂಡ ಇಲ್ಲಿ ಕೆಲಸಕ್ಕೆ ರಾಜೀನಾಮೆ ಬರೆದೂ ಆಗಿರುತ್ತದೆ. ಸ್ವಲ್ಪ ತಡೆಯಿರಿ. ಅರ್ಜಿ ಹಾಕುವಾಗ ಬಾಡಿಗೆ ಕರಾರು ಕೇಳುತ್ತಾರೆ. ದುಬೈಯಲ್ಲಿ ಅದು ಸರ್ಕಾರದ ಬಾಡಿಗೆ ನೋಂದಣಿ ವ್ಯವಸ್ಥೆಯಾದ ‘ಇಜಾರಿ’ಯಲ್ಲಿ ನೋಂದಣಿ ಆಗಿರಬೇಕು, ಅಬುಧಾಬಿಯಲ್ಲಿ ಅಂಥದ್ದಕ್ಕೇ ‘ತೌತೀಕ್’ ಅನ್ನುತ್ತಾರೆ, ಶಾರ್ಜಾದಲ್ಲಿ ಮುನ್ಸಿಪಾಲಿಟಿಯ ಮುದ್ರೆ ಬೇಕು. ಶಾಲೆ ಕೊಟ್ಟ ಮಂಚಕ್ಕೆ ನಿಮ್ಮ ಹೆಸರಿನಲ್ಲಿ ಯಾವ ಕರಾರೂ ಇರುವುದಿಲ್ಲ. ಇಡೀ ಫ್ಲ್ಯಾಟಿನ ಕರಾರು ಶಾಲೆಯ ಹೆಸರಿನಲ್ಲಿರುತ್ತದೆ. ನಿಮಗೆ ಬೇಕಾದದ್ದು ಫ್ಯಾಮಿಲಿ ಅಕಾಮಡೇಷನ್. ಆ ಪದವೇ ಕಾಗದದಲ್ಲಿ ಇರಬೇಕು. ಇಂಟರ್ವ್ಯೂನಲ್ಲಿ ಪ್ರಿನ್ಸಿಪಾಲರು “ನೋಡೋಣ, ಆಮೇಲೆ ಮಾಡಿಕೊಡ್ತೇವೆ” ಅಂದದ್ದು ವೀಸಾ ಕಚೇರಿಯಲ್ಲಿ ನಡೆಯುವುದಿಲ್ಲ.

ಈ ನಿಯಮಗಳು ಆಗಾಗ ಬದಲಾಗುತ್ತವೆ. ಹೆಂಗಸರು ಗಂಡನ ವೀಸಾಕ್ಕೆ ಸ್ಪಾನ್ಸರ್ ಆಗುವಾಗ ಕಾಗದ ಪತ್ರ ಜಾಸ್ತಿ ಕೇಳುವುದೂ ಉಂಟು. ಹಾಗಾಗಿ ನನ್ನ ಮಾತನ್ನೇ ನಂಬಿ ಟಿಕೆಟ್ ಮಾಡಬೇಡಿ. ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ದುಬೈಗೆ ಜಿಡಿಆರ್‌ಎಫ್‌ಎ, ಉಳಿದ ಎಮಿರೇಟುಗಳಿಗೆ ಐಸಿಪಿ. ಅವರ ವೆಬ್‌ಸೈಟಿನಲ್ಲಿ ಆ ವಾರ ಏನಿದೆ ಅಂತ ನೋಡಿ. ಶಾಲೆಯ ಪಿಆರ್‌ಒಗೆ, ಅಂದರೆ ವೀಸಾ ಕಾಗದ ಪತ್ರ ನೋಡಿಕೊಳ್ಳುವವರಿಗೆ, ಇಮೇಲ್ ಬರೆದು ಉತ್ತರವನ್ನು ಇಟ್ಟುಕೊಳ್ಳಿ.

ಹಾಗಂತ ಶೇರಿಂಗ್ ಫ್ಲ್ಯಾಟ್ ಅಂದರೆ ಹೆದರಬೇಕಾಗಿಲ್ಲ. ನಾನು ಮೊದಲ ನಾಲ್ಕು ವರ್ಷ ಅಂಥದ್ದರಲ್ಲೇ ಇದ್ದೆ. ಬೆಳಿಗ್ಗೆ 5.45ಕ್ಕೆ ಸ್ಕೂಲ್ ಬಸ್ ಕೆಳಗೆ ಬರುತ್ತಿತ್ತು. ಆರು ಜನ, ಒಂದು ಒಲೆ. ನಾಲ್ಕು ಗಂಟೆಗೆ ಮೊದಲ ಕುಕ್ಕರ್ ಕೂಗುತ್ತಿತ್ತು. ಫ್ರಿಜ್ಜಿನ ಒಂದೊಂದು ಖಾನೆಗೂ ಹೆಸರು ಅಂಟಿಸಿದ್ದೆವು. ಒಣಮೀನು ಹುರಿಯುವ ದಿನ ಸಸ್ಯಾಹಾರಿಗಳಿಗೆ ಮೊದಲೇ ಹೇಳಬೇಕು ಅನ್ನುವುದು ನಮ್ಮ ನಮ್ಮಲ್ಲೇ ಆದ ಒಪ್ಪಂದ.

ಸ್ನಾನದ್ದು ಒಂದು ಸಂಗತಿ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾರಸಿಯ ಟ್ಯಾಂಕಿನ ನೀರು ಕಾದು, ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ. ಮೈಗೆ ಹಾಕಿಕೊಳ್ಳಲು ಆಗುವುದಿಲ್ಲ. ಆಗ ಅಲ್ಲಿನವರು ಗೀಸರಿನ ಸ್ವಿಚ್ ಆರಿಸಿಬಿಡುತ್ತಾರೆ. ಗೀಸರ್ ಇರುವುದು ಮನೆಯ ಒಳಗೆ, ಎಸಿಯ ತಂಪಿನಲ್ಲಿ. ಅದರೊಳಗಿನ ನೀರು ರಾತ್ರಿಯಿಡೀ ತಣ್ಣಗಾಗಿರುತ್ತದೆ. ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು. ಮೊದಲ ಇಬ್ಬರಿಗೆ ಆ ಸುಖ ಸಿಗುತ್ತದೆ. ಮೂರನೆಯವಳ ಹೊತ್ತಿಗೆ ಮೇಲಿನ ಟ್ಯಾಂಕಿನ ಬಿಸಿನೀರು ಗೀಸರಿಗೆ ಇಳಿದಿರುತ್ತದೆ. ನಾವು ವಾರಕ್ಕೊಮ್ಮೆ ಸರದಿ ಬದಲಾಯಿಸುತ್ತಿದ್ದೆವು. ಒಮ್ಮೆ ನನಗೆ ಜ್ವರ ಬಂದು ಹತ್ತು ದಿನ ಮಲಗಿದ್ದಾಗ ಕಣ್ಣೂರಿನ ಒಬ್ಬಳು ತನ್ನ ಸರದಿಯ ಆ ನೀರನ್ನು ಬಕೆಟಿನಲ್ಲಿ ಹಿಡಿದು ನನಗೆ ತಂದಿಡುತ್ತಿದ್ದಳು. ಈಗಲೂ ಓಣಂಗೆ ಅವಳ ಫೋನ್ ಬರುತ್ತದೆ.

ತಿಗಣೆ ಇನ್ನೊಂದು. ಹೋದ ದಿನವೇ ಹಾಸಿಗೆಯ ಹೊಲಿಗೆಯ ಅಂಚನ್ನು ಸರಿಸಿ ನೋಡಿ, ಮಂಚದ ಸಂದಿಗೆ ಟಾರ್ಚ್ ಬಿಡಿ. ಕಂಡರೆ ಅವತ್ತೇ ನಾತೂರ್‌ಗೆ, ಅಂದರೆ ಬಿಲ್ಡಿಂಗ್ ವಾಚ್‌ಮನ್‌ಗೆ ಮತ್ತು ಶಾಲೆಗೆ ತಿಳಿಸಿ. ನಾಳೆ ಅಂದರೆ ನಿಮ್ಮ ಪೆಟ್ಟಿಗೆಯೊಳಗೂ ಸೇರಿರುತ್ತದೆ.

ಮಂಚ ಬೇಡ, ದುಡ್ಡು ಕೊಡಿ ಅಂತ ಕೇಳಬಹುದಾ? ಕೇಳಬಹುದು. 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಅಲ್ಲಿನ ಕಾರ್ಮಿಕ ಕಾನೂನಿನಂತೆ ಮಾಲೀಕರು ಸರಿಯಾದ ವಸತಿ ಕೊಡಬೇಕು, ಇಲ್ಲವೇ ಬಾಡಿಗೆ ಭತ್ಯೆ ಕೊಡಬೇಕು. ಭತ್ಯೆಯನ್ನು ಸಂಬಳದೊಳಗೇ ಸೇರಿಸಲೂಬಹುದು. ಆದರೆ ಯಾವುದನ್ನು ಕೊಡುತ್ತಾರೆ ಅನ್ನುವುದು ಆಫರ್ ಲೆಟರಿನಲ್ಲೇ ತೀರ್ಮಾನ ಆಗಿರುತ್ತದೆ. ಒಂದು ವರ್ಷ ಆದ ಮೇಲೆ ಬದಲಾಯಿಸಲು ಕೆಲವು ಶಾಲೆಗಳು ಒಪ್ಪುತ್ತವೆ. ಸಹಿ ಹಾಕುವ ಮುಂಚೆ ಕೇಳಿ.

ಭತ್ಯೆ ತೆಗೆದುಕೊಳ್ಳುವವರು ಒಂದು ಲೆಕ್ಕ ಮರೆಯುತ್ತಾರೆ. ಭತ್ಯೆ ಬರುವುದು ತಿಂಗಳು ತಿಂಗಳು. ಅಲ್ಲಿನ ಬಾಡಿಗೆ ಕರಾರು ಒಂದು ವರ್ಷದ್ದು, ಮುಂದಿನ ದಿನಾಂಕ ಹಾಕಿದ ನಾಲ್ಕೋ ಆರೋ ಚೆಕ್ ಬರೆದು ಕೊಡಬೇಕು. ನಾಲ್ಕು ಚೆಕ್ ಅಂದರೆ ಮೊದಲ ದಿನವೇ ಮೂರು ತಿಂಗಳ ಬಾಡಿಗೆ ಕೈಯಲ್ಲಿರಬೇಕು. ಅದರ ಮೇಲೆ ಡೆಪಾಸಿಟ್, ಏಜೆಂಟರ ಕಮಿಷನ್. ದುಬೈಯಲ್ಲಿ ಕರೆಂಟು, ನೀರಿನ ‘ದೇವಾ’ ಕನೆಕ್ಷನ್‌ಗೆ ಫ್ಲ್ಯಾಟಿಗೆ 2,000 ದಿರ್ಹಮ್ ಡೆಪಾಸಿಟ್. ಬಾಡಿಗೆಯ ಶೇ 5ರಷ್ಟು ಹೌಸಿಂಗ್ ಫೀ ಆ ಬಿಲ್ಲಿನಲ್ಲೇ ತಿಂಗಳು ತಿಂಗಳು ಬರುತ್ತದೆ. ಕುಂದಾಪುರದ ಹುಡುಗಿ ಮೊದಲ ವರ್ಷ ಮಗನನ್ನು ಅಮ್ಮನ ಹತ್ತಿರ ಬಿಟ್ಟು ಹೋದಳು. ಆ ವರ್ಷ ಮಂಚದ ಮನೆಯಲ್ಲಿದ್ದು ಉಳಿಸಿದ ದುಡ್ಡೇ ಅವಳಿಗೆ ಮೊದಲ ಚೆಕ್ ಆಯಿತು. ಮಗನಿಗೆ ನಾಲ್ಕು ತುಂಬಿದ ಮೇಲೆ ಕರೆಸಿಕೊಂಡಳು. ಆ ಒಂದು ವರ್ಷ ಅವಳು ರಾತ್ರಿ ಬಾಲ್ಕನಿಯಲ್ಲಿ ನಿಂತು ವಿಡಿಯೊ ಕಾಲ್‌ನಲ್ಲಿ ಮಗನಿಗೆ ಊಟ ಮಾಡಿಸುತ್ತಿದ್ದಳು ಅಂತ ಅವಳಮ್ಮ ನನಗೆ ಹೇಳಿದರು. ಆ ಕಷ್ಟ ತಪ್ಪಿಸಲು ನನಗೆ ಆಗಲಿಲ್ಲ. ಆದರೆ ವಿಮಾನ ಇಳಿದ ಮೇಲೆ ಗೊತ್ತಾಗುವ ಬದಲು ಊರಿನಲ್ಲಿ, ಅಮ್ಮನ ಎದುರಿನಲ್ಲೇ ಗೊತ್ತಾಯಿತು.

ಇನ್ನೊಂದು ಮಾತು. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಲೆಕ್ಕ ಬೇಸಿಕ್ ಸಂಬಳದ ಮೇಲೆ. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಒಟ್ಟು 4,500 ಅಂತ ತೋರಿಸಿ ಬೇಸಿಕ್ 2,000 ಇಟ್ಟಿದ್ದರೆ, ವರ್ಷಕ್ಕೆ ಬರುವುದು 1,400 ದಿರ್ಹಮ್ ಅಷ್ಟೇ. ವಸತಿ ಭತ್ಯೆ ಎಷ್ಟೇ ದೊಡ್ಡದಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ.

ಶಾಲೆಯ ಮನೆ ಕೆಲಸದ ಜೊತೆಗೇ ಹೋಗುತ್ತದೆ ಅನ್ನುವುದೂ ನೆನಪಿರಲಿ. ಪ್ರೊಬೇಷನ್ ಆರು ತಿಂಗಳವರೆಗೆ ಇರಬಹುದು. ಅದರ ನಡುವೆ 14 ದಿನದ ನೋಟಿಸ್ ಕೊಟ್ಟು ಕಳಿಸಬಹುದು. ಕೆಲಸ ಮುಗಿದ ಮೇಲೆ 30 ದಿನದೊಳಗೆ ವಸತಿ ಖಾಲಿ ಮಾಡಬೇಕು. ಆ ಹೊತ್ತಿಗೆ ತಲೆ ಕೆಟ್ಟಿರುತ್ತದೆ, ಯಾರೋ ಒಡೆದ ಕಿಟಕಿ ಗಾಜಿನ ದುಡ್ಡು ನಿಮ್ಮ ಲೆಕ್ಕಕ್ಕೆ ಬಂದರೂ ಜಗಳ ಆಡುವ ಶಕ್ತಿ ಇರುವುದಿಲ್ಲ. ಅದಕ್ಕೆ ಹೋದ ದಿನವೇ ಮಂಚ, ಕಪಾಟು, ಎಸಿ, ಗೋಡೆ ಎಲ್ಲದರ ಫೋಟೊ ತೆಗೆದು ಶಾಲೆಗೆ ಇಮೇಲ್ ಮಾಡಿ. ಬಿಡುವ ದಿನ ಬೀಗದ ಕೈಯನ್ನು ಸುಮ್ನೆ ನಾತೂರ್ ಕೈಗೆ ಕೊಟ್ಟು ಟ್ಯಾಕ್ಸಿ ಹತ್ತಬೇಡಿ. ಶಾಲೆಯವರ ಸಹಿ ಇರುವ ಒಂದು ಕಾಗದ ತೆಗೆದುಕೊಳ್ಳಿ, ಕೊನೆಯ ಲೆಕ್ಕ ಬರುವವರೆಗೆ ಅದನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.